ಎರಡು ಮನೆ, ಒಂದೇ ಚೌಕಾಬಾರ

ನಾನು ದೇವರನ್ನು ನಂಬುವವಳು, ದೀಪ ಹಚ್ಚದೆ ಕಾಫಿ ಕುಡಿಯುವವಳಲ್ಲ. ಆದರೆ ಅಲ್ಲಿ ಯಾರೋ ಕಂಡರಂತೆ, ಇಲ್ಲಿ ಯಾರೋ ಮಾತಾಡಿದರಂತೆ ಎನ್ನುವ ಕಥೆಗಳನ್ನು ಎಂದೂ ನಂಬಿರಲಿಲ್ಲ. ಯಾರಾದರೂ ಶುರುಮಾಡಿದರೆ ಒಲೆ ಮೇಲೆ ಹಾಲಿದೆ ಎಂದು ಎದ್ದುಬಿಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಹಾಲು ನೋಡಲು ಎದ್ದುಹೋದರೆ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆ ಲಷ್ಕರ್ ಮೊಹಲ್ಲಾದಲ್ಲಿ, ನನ್ನ ತಂಗಿ ಮಂಜುಳನದು ಅದೇ ಊರಿನ ಮೇಟಗಳ್ಳಿಯಲ್ಲಿ. ಅವಳ ದೊಡ್ಡ ಮಗಳು ವರ್ಷಾಗೆ ರಕ್ತದ ಕ್ಯಾನ್ಸರ್. ಇನ್ನು ವಾಸಿಮಾಡುವ ಔಷಧಿ ಇಲ್ಲ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದ ಮೇಲೆ ಮಗುವನ್ನು ಮನೆಗೆ ಕರೆತಂದರು. ಆಸ್ಪತ್ರೆಯಿಂದ ನರ್ಸ್ ಮನೆಗೇ ಬರುತ್ತಿದ್ದರು. ಅವರ ಜೊತೆ ಸರಿತಾ ಎಂಬ ಸಮಾಲೋಚಕಿಯೂ ಬರುತ್ತಿದ್ದರು. ಮನೆಯವರ ದುಃಖ, ಮಕ್ಕಳ ಭಯ, ಇವುಗಳನ್ನು ಕೂತು ಕೇಳುವುದೇ ಅವರ ಕೆಲಸ.

ಚಿಕ್ಕವಳು ನಿಧಿ, ಆರು ವರ್ಷದವಳು. ಅವಳನ್ನು ನನ್ನ ಮನೆಗೆ ಕಳಿಸಿದ್ದರು. ಅಕ್ಕ ಅಜ್ಜಿಯ ಊರಿಗೆ ಹೋಗಿದ್ದಾಳೆ ಎಂದು ನಿಧಿಗೆ ಹೇಳುವುದು, ನಿಧಿಗೆ ಶೀತ ಜ್ವರ ಎಂದು ವರ್ಷಾಗೆ ಹೇಳುವುದು. ಹಾಗೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಮಂಜುಳನ ಅತ್ತೆ. ಸರಿತಾ ಎಷ್ಟು ತಿಳಿಹೇಳಿದರೂ ಆಕೆ ಜಗ್ಗಲಿಲ್ಲ.

"ಮಕ್ಕಳಿಗೆ ಗೊತ್ತಾಗೇ ಆಗತ್ತೆ ಅಮ್ಮ. ಯಾರೂ ಹೇಳದಿದ್ರೆ ತಮ್ಮದೇ ತಪ್ಪು ಅನ್ಕೊಂಡ್ಬಿಡ್ತಾವೆ. ಇಬ್ರನ್ನೂ ಒಂದು ಕಡೆ ಬಿಡಿ."

"ಎಳೇ ಮಗ, ಎದ್ರುಕೊಂಡ್ಬುಟ್ರೆ ನೀವು ಬಂದ್ ನೋಡ್ಕತೀರೇನಮ್ಮ? ನಿಮ್ ಓದು ನಿಮ್ಮತ್ರ ಇರ್ಲಿ ಕಣಮ್ಮ. ಕಾಫಿ ಕುಡೀರಿ."

ಮಂಜುಳ ಕಾಫಿ ಲೋಟ ತಂದಿಟ್ಟಳು. ಅವಳ ಗಂಡ ಫ್ಯಾಕ್ಟರಿ ಶಿಫ್ಟು ಎಂದು ಎದ್ದುಹೋದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬೀಗರ ಮನೆ, ತಂಗಿ ಬಾಳುವ ಮನೆ, ಏನೆಂದು ಬಾಯಿ ಹಾಕಲಿ?

ಒಂದು ಶುಕ್ರವಾರ ಮಧ್ಯಾಹ್ನ ಪಾತ್ರೆ ತೊಳೆದು ಹೊರಗೆ ಬಂದೆ. ನಿಧಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಂಡು ಒಬ್ಬಳೇ ಆಡುತ್ತಿದ್ದಳು. ತನ್ನ ಕಾಯಿಗೆ ಅಂಗಿಯ ಗುಂಡಿಗಳು, ಎದುರಾಳಿಗೆ ಕೆಂಪು ಬಳೆ ಚೂರು. ಉಜ್ಜಿದ ಹುಣಸೆಬೀಜವನ್ನು ಒಮ್ಮೆ ಬಲಗೈಯಲ್ಲಿ, ಒಮ್ಮೆ ಎಡಗೈಯಲ್ಲಿ ಹಾಕುತ್ತಿದ್ದಳು.

"ಯಾರ ಜೊತೆ ಕಣೇ ಆಟ?"

"ಅಕ್ಕನ ಜೊತೆ. ಸುಮ್ನಿರು ದೊಡ್ಡಮ್ಮ, ಅವಳು ಯೋಚ್ನೆ ಮಾಡ್ತಿದಾಳೆ."

"ಅಕ್ಕ ಊರಲ್ಲಿದಾಳಲ್ಲೇ?"

ಅವಳು ನನ್ನನ್ನು ನೋಡಿದ ರೀತಿಯನ್ನು ಮರೆಯಲಾರೆ. ದಡ್ಡರನ್ನು ನೋಡಿ ಅಯ್ಯೋ ಪಾಪ ಅನ್ನುತ್ತೇವಲ್ಲ, ಹಾಗೆ. "ಮನೇಲೇ ಇದಾಳೆ. ಅವಳದು ಒಂದೇ ಕಾಯಿ ಉಳಿದಿರೋದು. ಹಣ್ಣಾಗಕ್ಕೆ ಒಂದೇ ಮನೆ. ನಾನ್ ಹೋಗ್ದೆ ಇದ್ರೆ ಆಟ ಮುಗ್ಸಲ್ವಂತೆ, ಸುಸ್ತಾಗಿದೆಯಂತೆ."

ಅಕ್ಕನ ಕೆಂಪು ಚೂರು ನಡುಮನೆಯ ಪಕ್ಕದ ಚೌಕದಲ್ಲಿತ್ತು. ನಡುಮನೆ ಸೇರಿದರೆ ಕಾಯಿ ಹಣ್ಣು, ಆಟ ಮುಗಿದ ಹಾಗೆ. ತಾಯಿ ಚಾಮುಂಡಿ ಎಂದೆ. ಬಾಗಿಲಿಗೆ ಬೀಗ ಹಾಕಿ, ಮಗುವಿಗೆ ಚಪ್ಪಲಿ ಹಾಕಿಸಿ ಆಟೋ ಹತ್ತಿದೆ. ಯಾರನ್ನೂ ಕೇಳಲಿಲ್ಲ.

ಮೇಟಗಳ್ಳಿಯಲ್ಲಿ ಅತ್ತೆ ಬಾಗಿಲಿಗೇ ಅಡ್ಡ ನಿಂತರು. "ಯೋಳಿರ್ಲಿಲ್ವಾ ನಿಮಗೆ? ಯಾಕ್ ಕರ್ಕೊಂಬಂದ್ರಿ?" ಅವರು ನನ್ನನ್ನು ಬೈಯುತ್ತಿರುವಾಗಲೇ ನಿಧಿ ಅವರ ಸೀರೆ ಪಕ್ಕದಲ್ಲಿ ನುಸುಳಿ ಒಳಗೆ ಓಡಿದಳು.

ಕೋಣೆಯಲ್ಲಿ ಸರಿತಾ ಇದ್ದರು. ವರ್ಷಾ ದಿಂಬಿಗೆ ಒರಗಿದ್ದಳು. ಅವಳ ತೊಡೆಯ ಮೇಲೆ ರಟ್ಟಿನ ತುಂಡು, ಅದರ ಮೇಲೆ ಪೆನ್ನಿನಲ್ಲಿ ಗೀಚಿದ ಚೌಕಾಬಾರ. ತಂಗಿಯ ಕಾಯಿಗೆ ಮಾತ್ರೆ ಹಾಳೆಯ ಚೂರು, ತನ್ನದಕ್ಕೆ ಮಂಜುಳನ ಕೆಂಪು ಬಳೆ ಚೂರು. ಉಳಿದಿದ್ದ ಒಂದೇ ಕೆಂಪು ಚೂರು ನಡುಮನೆಯ ಪಕ್ಕದ ಚೌಕದಲ್ಲಿತ್ತು.

"ಎಷ್ಟೊತ್ತೇ ಬರೋದು?" ಎಂದಳು ವರ್ಷಾ.

"ದೊಡ್ಡಮ್ಮ ಪಾತ್ರೆ ತೊಳೀತಿದ್ರು," ಎಂದು ನಿಧಿ ಮಂಚ ಹತ್ತಿದಳು.

ಸರಿತಾ ಮೆಲ್ಲಗೆ ಕೇಳಿದರು, "ಫೋನಲ್ಲಿ ಆಡಿಸ್ತಿದ್ರಾ?" ನನ್ನ ಫೋನು ಎರಡು ದಿನದಿಂದ ರಿಪೇರಿ ಅಂಗಡಿಯಲ್ಲಿತ್ತು. ಸಂಜೆ ಮನೆಗೆ ಬಂದವಳೇ ಜಗಲಿ ನೋಡಿದೆ. ಗುಂಡಿಗಳು ಅಲ್ಲೇ ಇದ್ದವು. ರಟ್ಟಿನ ಮೇಲೆ ಮಾತ್ರೆ ಹಾಳೆಯ ಚೂರುಗಳು ಯಾವ ಯಾವ ಚೌಕದಲ್ಲಿದ್ದವೋ, ಇವೂ ಅದೇ ಚೌಕಗಳಲ್ಲಿ.

ಆಮೇಲೆ ನಿಧಿ ಮೇಟಗಳ್ಳಿಯಲ್ಲೇ ಉಳಿದಳು. ಸರಿತಾ ಮಂಜುಳನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಿಗೆ ನಿಜವನ್ನು ಹೇಳಿದರು. ನಿಧಿ ಅತ್ತಳು, ಆಮೇಲೆ, "ನಾನ್ ಅಕ್ಕನ್ ಪೆನ್ಸಿಲ್ ಮುರಿದಿದ್ದಕ್ಕಾ?" ಎಂದಳು. ಅಷ್ಟು ದಿನ ಆ ಮಗು ಅದನ್ನು ಹೊತ್ತುಕೊಂಡಿತ್ತು, ನನ್ನ ಮನೆಯಲ್ಲಿ, ನಾನು ಕಲಸಿ ಕೊಟ್ಟ ಅನ್ನ ಉಣ್ಣುತ್ತಾ. ವರ್ಷಾ ಹೋದದ್ದು ನಿದ್ದೆಯಲ್ಲಿ, ನೋವಿಲ್ಲದೆ, ತಂಗಿ ಪಕ್ಕದಲ್ಲಿದ್ದಾಗ. ಅಷ್ಟನ್ನಾದರೂ ತಾಯಿ ಚಾಮುಂಡಿ ನಡೆಸಿಕೊಟ್ಟಳು.

ಈಗ ಅತ್ತೆಯೇ ಬಂದವರಿಗೆಲ್ಲ ಈ ಕಥೆ ಹೇಳುತ್ತಾರೆ. "ದೇವ್ರೇ ಕೂತ್ಕಂಡ್ ಆಡ್ಸವ್ನೆ ಕಣ್ರೀ!" ಕೇಳಿದವರು ಕೈಮುಗಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ದೇವರು ಆಡಿಸಿರಬಹುದು. ಆಟೋದಲ್ಲಿ ಕೂರಿಸಿ ಕರೆತರುವುದು ನಮ್ಮ ಕೆಲಸವಾಗಿತ್ತಲ್ಲ? ಒಂದೇ ಊರಿನ ಎರಡು ಮಕ್ಕಳು ಯಾಕೆ ಹಾಗೆ ಆಡಬೇಕಾಗಿ ಬಂತು ಎಂದು ಒಬ್ಬರೂ ಕೇಳಲಿಲ್ಲ. ಆ ಕಾಯಿಗಳು ಎರಡೂ ಕಡೆ ಹೇಗೆ ಒಂದೇ ಚೌಕದಲ್ಲಿ ನಿಂತವು, ಅದು ನನಗೂ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಗುಂಡಿ, ಬಳೆ ಚೂರುಗಳನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ರಜೆಗೆ ಬಂದಾಗ ನಿಧಿ ಕೇಳಿ ಈಸಿಕೊಳ್ಳುತ್ತಾಳೆ. ಜಗಲಿಯಲ್ಲಿ ಕೂತು ಒಮ್ಮೆ ಬಲಗೈಯಲ್ಲಿ, ಒಮ್ಮೆ ಎಡಗೈಯಲ್ಲಿ ಬೀಜ ಹಾಕುತ್ತಾಳೆ. ಯಾರ ಜೊತೆ ಎಂದು ನಾನು ಕೇಳುವುದಿಲ್ಲ. ಪಾತ್ರೆಗಳನ್ನು ಸದ್ದಾಗದ ಹಾಗೆ ತೊಳೆಯುತ್ತೇನೆ.