ಕೂಗಾಡದ ಖಳನಾಯಕ

ಇಂದಿರಾನಗರದ ಒಂದು ಮನೆಯ ಎರಡನೆಯ ಮಹಡಿಯಲ್ಲಿ ನಾವು ಐದು ಜನ ಸೇರಿ ಕಾಮಿಕ್ಸ್ ಪುಸ್ತಕಗಳನ್ನು ಮಾಡುತ್ತೇವೆ. ಕಥೆ ಬರೆಯುವುದು ನನ್ನ ಕೆಲಸ. ಕಳೆದ ವರ್ಷ ಬರೆದ ಕಥೆಯಲ್ಲಿ ನೆಲದಡಿಯ ಒಂದು ನಗರವಿತ್ತು, ಅದನ್ನು ಆಳುವ ಖಳನಾಯಕನಿದ್ದ. ಅವನಿಗೆ ಕಬ್ಬಿಣದ ಕೈ, ಉರಿಯುವ ಕಣ್ಣು, ಪುಟಕ್ಕೆರಡು ಅಟ್ಟಹಾಸ ಕೊಟ್ಟಿದ್ದೆ.

ಸಂಪಾದಕರು ಓದಿ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಏನ್ರೀ ಇವನು, ಬರೀ ಕೂಗಾಡ್ತಾನೆ. ಎಲೆಕ್ಷನ್ ಭಾಷಣ ಕೇಳ್ದಂಗಿದೆ. ಭಯಾನೇ ಆಗಲ್ವಲ್ಲ."

"ನಮ್ ಅಪಾರ್ಟ್‌ಮೆಂಟ್ ಸೆಕ್ರೆಟರಿ ಇವನಿಗಿಂತ ಡೇಂಜರ್ ಗುರು," ಎಂದ ಚಿತ್ರಕಾರ. "ನಗ್ತಾ ನಗ್ತಾನೇ ನೀರು ನಿಲ್ಲಿಸ್ತಾರೆ. ನಾವು ಥ್ಯಾಂಕ್ಸ್ ಹೇಳಿ ಬರ್ತೀವಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಲಸೂರಿನ ನನ್ನ ಕೋಣೆಗೆ ಬಂದ ಮೇಲೆ ಖಳನಾಯಕನ ಕಬ್ಬಿಣದ ಕೈ ತೆಗೆದೆ, ಕಣ್ಣಿನ ಬೆಂಕಿ ಆರಿಸಿದೆ. ಆಮೇಲೆ, ಹದಿನೆಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಅವನಿಗೆ ಕೊಟ್ಟುಬಿಟ್ಟೆ.

ನಮ್ಮದು ದೊಡ್ಡನೆಕ್ಕುಂದಿಯ ಹಳೆಯ ಊರೊಳಗಿನ ಮನೆ. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಅಳತೆ ತಪ್ಪಿದ ಭಾಗಗಳಿಗೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುವುದು ಅವರ ದಿನದ ಕೆಲಸ. ಮನೆಯಲ್ಲಿ ಅವರು ದನಿ ಎತ್ತಿದ್ದು ನನಗೆ ನೆನಪಿಲ್ಲ. ನನಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಅಲ್ಲಿಂದ ಮುಂದೆ ನನ್ನ ಜಡೆ ಹೆಣೆದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು, ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ. ಅವಳು ಚಿತ್ರ ಬರೆಯುತ್ತಿದ್ದಳು. ನಾನು ಊಟ ಮಾಡಲಿ ಎಂದು, ಒಂದೊಂದು ತುತ್ತಿಗೆ ಒಂದೊಂದು ಚೌಕದಂತೆ ಕಥೆಯನ್ನು ಚಿತ್ರದಲ್ಲೇ ಹೇಳುತ್ತಿದ್ದಳು.

ಅವಳಿಗೆ ಹದಿನೆಂಟು ತುಂಬಿದ ವರ್ಷ ಗುಜರಾತಿನ ಒಂದು ಚಿತ್ರಕಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಪ್ಪ ಬೇಡ ಎನ್ನಲಿಲ್ಲ.

"ನಾನ್ಯಾರಮ್ಮ ಬೇಡ ಅನ್ನೋಕೆ? ಊರ ದೇವಿನ ಕೇಳೋಣ. ಅವಳು ಹೋಗು ಅಂದ್ರೆ ನಾನೇ ಬಂದು ಟ್ರೈನ್ ಹತ್ತಿಸ್ತೀನಿ."

ಬದುಕಿನಲ್ಲಿ ಕವಲು ಬಂದಾಗ ದೇವಿಯ ಮುಂದೆ ಚೀಟಿ ಹಾಕುವುದು ನಮ್ಮ ಮನೆತನದಲ್ಲಿ ಹಿಂದಿನಿಂದಲೂ ಇತ್ತು. ಒಂದರಲ್ಲಿ 'ಆಗಲಿ', ಇನ್ನೊಂದರಲ್ಲಿ 'ಬೇಡ' ಎಂದು ಹಿರಿಯರು ಬರೆದು, ಮಡಚಿ, ಅಕ್ಕಿ ತುಂಬಿದ ತಟ್ಟೆಯಲ್ಲಿಡುತ್ತಾರೆ. ಮನೆಯ ಕಿರಿಯ ಮಗು ಒಂದನ್ನು ಎತ್ತುತ್ತದೆ. ಎತ್ತದ ಚೀಟಿಯನ್ನು ಬಿಚ್ಚಬಾರದು. ಬಿಚ್ಚಿದರೆ ದೇವಿಯನ್ನು ಸಂದೇಹಿಸಿದಂತೆ.

ಅಪ್ಪ ಬರೆದರು. ಒಂಬತ್ತು ವರ್ಷದ ನಾನು ಎತ್ತಿದೆ. 'ಬೇಡ' ಎಂದಿತ್ತು. ಅಪ್ಪ ಅಕ್ಕನ ತಲೆ ಸವರಿ, "ಅವಳಿಗೆ ಗೊತ್ತಿರುತ್ತೆ ಕಣಮ್ಮ," ಎಂದರು. ಅವರ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. ಉಳಿದ ಚೀಟಿಯನ್ನು ತುಳಸಿಯ ಬುಡದಲ್ಲಿ ಹೂತು ಬಾ ಎಂದು ನನ್ನ ಕೈಗೆ ಕೊಟ್ಟರು. ನಾನು ಹಿತ್ತಲಲ್ಲಿ ಅದನ್ನು ಬಿಚ್ಚಿದೆ. ಅದರಲ್ಲೂ 'ಬೇಡ' ಎಂದಿತ್ತು.

ಬಿಚ್ಚಬಾರದ್ದನ್ನು ಬಿಚ್ಚಿದ್ದಕ್ಕೆ ದೇವಿ ಅಕ್ಷರ ಬದಲಿಸಿದ್ದಾಳೆ ಎಂದುಕೊಂಡೆ. ಹೆದರಿ, ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಒಳಗೆ ಬಂದೆ.

ಅಕ್ಕ ಬಿ.ಕಾಂ. ಸೇರಿದಳು. ಸೀಟು ಕಿತ್ತುಕೊಂಡವರು ಮನುಷ್ಯರಾಗಿದ್ದರೆ ಜಗಳವಾಡುತ್ತಿದ್ದಳು, ಊಟ ಬಿಡುತ್ತಿದ್ದಳು, ಬಹುಶಃ ಗೆಲ್ಲುತ್ತಿದ್ದಳು. ದೇವಿಯ ಜೊತೆ ಹೇಗೆ ಜಗಳವಾಡುವುದು? ನನಗೆ ಹದಿನೈದಾಗುವ ಹೊತ್ತಿಗೆ ದೇವಿ ಅಕ್ಷರ ಬದಲಿಸುವುದಿಲ್ಲ ಎಂಬುದು ತಿಳಿದಿತ್ತು. ಆಗಲೂ ನಾನು ಹೇಳಲಿಲ್ಲ.

ನನ್ನ ಹೊಸ ಖಳನಾಯಕ ಯಾರನ್ನೂ ಸೆರೆ ಹಿಡಿಯುವುದಿಲ್ಲ. ನೆಲದಡಿಯ ನಗರದಿಂದ ಹೊರಗೆ ಹೋಗಬಯಸುವವರ ಮುಂದೆ ಎರಡು ಚೀಟಿಗಳ ತಟ್ಟೆ ಹಿಡಿಯುತ್ತಾನೆ. ಎರಡರಲ್ಲೂ ಒಂದೇ ಮಾತು. ಎತ್ತಿದವರು ಅಳುತ್ತಾರೆ, ಅವನೂ ಜೊತೆಗೆ ಅಳುತ್ತಾನೆ, ಅವರು ಅವನ ಕಾಲಿಗೆ ಬಿದ್ದು ಹಿಂತಿರುಗುತ್ತಾರೆ. ಸಂಪಾದಕರು ಈ ಸಲ ಹಾಳೆಗಳನ್ನು ಕೆಳಗಿಡದೆ ಓದಿ ಮುಗಿಸಿದರು. "ಇವನು ನಿಲ್ತಾನೆ ರೀ," ಎಂದರು. "ಇವನನ್ನ ಯಾರೂ ದ್ವೇಷ ಮಾಡಕ್ಕಾಗಲ್ಲ, ಅಲ್ವಾ? ಅದೇ ಕಷ್ಟ."

ಪುಸ್ತಕ ಅಚ್ಚಾಗಿ ಬಂದ ಭಾನುವಾರ ಅದನ್ನು ಹಿಡಿದು ಕಲ್ಯಾಣ ನಗರಕ್ಕೆ ಹೋದೆ. ಅಕ್ಕನ ಮನೆ ಅಲ್ಲಿದೆ. ಅಪ್ಪನೂ ಈಗ ಅವಳ ಜೊತೆಯಲ್ಲೇ ಇದ್ದಾರೆ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದೆ ಪುಸ್ತಕದ ಹಿಂದೆ ನಿಂತಿದ್ದೆ ಎಂದು ಇವತ್ತು ಒಪ್ಪಿಕೊಳ್ಳಬಲ್ಲೆ. ಆ ದಿನ ಮಾತ್ರ, ಅಕ್ಕನಿಗೆ ಚಿತ್ರಗಳು ಇಷ್ಟವಾಗಬಹುದು ಎಂದೇ ನನಗೆ ನಾನು ಹೇಳಿಕೊಂಡಿದ್ದೆ.

ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಓದಿದಳು. ಒಂದು ಪುಟದಲ್ಲಿ ನಿಂತಳು. ನಡುಮನೆಯಿಂದ ಅಪ್ಪ, "ಒಂಚೂರು ಚಟ್ನಿ ಹಾಕಮ್ಮ," ಎಂದರು. ಹೋಗಿ ಬಡಿಸಿ ಬಂದಳು.

"ಇನ್ನೊಂದು ಚೀಟಿ ನೋಡಿದ್ಯಾ?" ಬಹಳ ಮೆಲ್ಲಗೆ ಕೇಳಿದಳು.

"ಹೂಂ."

"ಯಾವಾಗ?"

"ಅವತ್ತೇ."

ಒಲೆ ಆರಿಸಿದಳು. "ಮೊದಲೆರಡು ವರ್ಷ ಆ ದೇವಿನ ಬೈಕೊಂಡಿದೀನಿ. ಆಮೇಲೆ ಬೈದಿದ್ದಕ್ಕೆ ಇಷ್ಟು ವರ್ಷ ಶುಕ್ರವಾರ ಶುಕ್ರವಾರ ದೀಪ ಹಚ್ಚಿ ತಪ್ಪಾಯ್ತು ಅಂದಿದೀನಿ."

ಚಟ್ನಿ ಪಾತ್ರೆಗೆ ಮುಚ್ಚಳ ಹಾಕಿದಳು.

"ಅಪ್ಪ ಹೆದರಿದ್ರು. ಅಮ್ಮ ಹೋಗಿ ಮೂರೇ ವರ್ಷ ಆಗಿತ್ತು. ಅದು ಅರ್ಥ ಆಗುತ್ತೆ ನಂಗೆ," ಎಂದಳು. "ನೀನು ದೊಡ್ಡವಳಾದ್ಮೇಲೂ ಯಾಕೆ ಸುಮ್ನಿದ್ದೆ?"

ನನ್ನ ಬಳಿ ಸಿದ್ಧ ಉತ್ತರಗಳಿದ್ದವು: ಅಪ್ಪನಿಗೆ ನೋವಾಗುತ್ತದೆ, ಕಾಲ ಮೀರಿದೆ, ಹೇಳಿ ಏನು ಪ್ರಯೋಜನ. ಅವಳ ಮುಖ ನೋಡಿದಾಗ ಅವು ಬಾಯಿಗೆ ಬರಲಿಲ್ಲ. "ಹೇಳಿದ್ರೆ ನೀನು ಆಗ್ಲೂ ಹೊರಟುಬಿಡ್ತಿದ್ದೆ. ನಂಗ್ಯಾರಿರ್ತಿದ್ರು?"

ಅಕ್ಕ ತಲೆಯಾಡಿಸಿದಳು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. "ಅವನ ಪಕ್ಕದಲ್ಲಿ ತಟ್ಟೆ ಹಿಡ್ಕೊಳ್ಳೋ ಹುಡುಗಿನ ಯಾಕೆ ಬರೀಲಿಲ್ಲ? ಅವಳಿಲ್ದೆ ಅವನಿಗೆ ಇದೆಲ್ಲ ಆಗ್ತಿರ್ಲಿಲ್ಲ." ಸ್ವಲ್ಪ ತಡೆದು, "ಅಪ್ಪನ ಹತ್ರ ಏನೂ ಮಾತಾಡ್ಬೇಡ. ವಯಸ್ಸಾಗಿದೆ. ಈಗ ಹೊರಡು," ಎಂದಳು.

ಅದಾಗಿ ಏಳು ತಿಂಗಳು. ಅಪ್ಪನ ಮಾತ್ರೆ ಬದಲಾದರೆ ಅಕ್ಕ ಒಂದು ಸಾಲಿನ ಸಂದೇಶ ಕಳಿಸುತ್ತಾಳೆ. ನಾನು ಬುಧವಾರಗಳಂದು, ಅವಳು ಆಫೀಸಿನಲ್ಲಿರುವ ಹೊತ್ತಿಗೆ, ಅಪ್ಪನನ್ನು ನೋಡಿ ಬರುತ್ತೇನೆ.

ಕಳೆದ ವಾರ ಅವರು ಮೂಸಂಬಿ ಸುಲಿಯುತ್ತ ಕೇಳಿದರು. "ನೀವಿಬ್ರೂ ಜಗಳ ಆಡಿದೀರಾ?"

"ಇಲ್ಲಪ್ಪ."

"ಏನೇ ಇದ್ರೂ ಕೂತು ಮಾತಾಡ್ಕೊಳ್ಳಿ ಮಗಳೇ. ಮನಸ್ಸಲ್ಲಿಟ್ಕೊಂಡ್ರೆ ಕೊಳೆಯುತ್ತೆ." ತೊಳೆಗಳ ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ, ಒಳ್ಳೆಯವನ್ನೆಲ್ಲ ನನ್ನ ಕಡೆಗೆ ಸರಿಸಿದರು. ಅಪ್ಪನ ಹತ್ತಿರ ಆ ಮಾತು ಬೇಡ ಎಂದಿದ್ದಳು ಅಕ್ಕ. ನಾನು ಸುಮ್ಮನೆ ತಿಂದೆ.