ನೀರಿಗೆ ಬಿಚ್ಚದ ಗಂಟು

ಕಾಕುವಿನ ಬಲಗಾಲಿನ ಹೆಬ್ಬೆರಳಿನಲ್ಲಿ ಒಂದು ಕಚ್ಚು ಇತ್ತು. ಗಾಯವಲ್ಲ. ಹಗ್ಗ ಸಿಕ್ಕಿಸಿ ಸಿಕ್ಕಿಸಿ ಚರ್ಮವೇ ತಗ್ಗಾಗಿತ್ತು. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬೆರಳಿಗೆ ಹುರಿ ಸಿಕ್ಕಿಸಿ, ತನ್ನ ಕಡೆ ಜಗ್ಗಿ ಗಂಟು ಹಾಕುತ್ತಿದ್ದಳು. ಯಾರು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಮಾತು ಉದ್ದವಾದರೆ, "ಕೈ ಖಾಲಿ ಇದ್ರ ಈ ತುದಿ ಹಿಡಿ, ಇಲ್ಲಂದ್ರ ಬೆಳಕ ಬಿಡು" ಅನ್ನುತ್ತಿದ್ದಳು.

ಆಕೆ ನನ್ನ ಸಂಬಂಧಿಯಲ್ಲ. ಆಲಮಟ್ಟಿಯ ಹಿನ್ನೀರು ನಮ್ಮೂರನ್ನು ತೆಗೆದುಕೊಂಡಾಗ, ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿ ನಮ್ಮಿಬ್ಬರಿಗೂ ಸಿಕ್ಕ ಜಾಗ ಎದುರುಬದುರಾಗಿತ್ತು, ಅಷ್ಟೇ. ಓಣಿಯವರೆಲ್ಲ ಕಾಕು ಅನ್ನುತ್ತಿದ್ದರು, ನಾನೂ ಅಂದೆ.

ಹಳೆಯ ಊರಲ್ಲಿ ಆಕೆಯ ಕೆಲಸ ನೆಲುವು ಹೆಣೆಯುವುದು. ಹಾಲು, ಬೆಣ್ಣೆಯ ಗಡಿಗೆಯನ್ನು ಬೆಕ್ಕಿಗೆ ಸಿಗದಂತೆ ತೊಲೆಗೆ ತೂಗುಹಾಕುವ, ಆಕೆ ಹೆಣೆದ ಹಗ್ಗದ ನೆಲುವು ಇಲ್ಲದ ಮನೆ ಊರಲ್ಲಿ ಇರಲಿಲ್ಲ. ಹೊಸ ಕೇಂದ್ರದಲ್ಲಿ ಎಲ್ಲರೂ ಸ್ಲ್ಯಾಬಿನ ಮನೆ ಕಟ್ಟಿದರು. ಸ್ಲ್ಯಾಬಿಗೆ ತೊಲೆ ಎಲ್ಲಿಂದ ಬರಬೇಕು? ನೆಲುವು ಕೇಳುವವರೇ ಇಲ್ಲವಾದರು. ಬೇರೆಯವಳಾಗಿದ್ದರೆ ಹಣೆ ಬಡಿದುಕೊಂಡು ಕೂರುತ್ತಿದ್ದಳು. ಕಾಕು, "ಪ್ಯಾಟಿ ಮಂದಿ ಹೂವಿನ ಕುಂಡ ತೂಗ ಬಿಡತಾರಂತ. ಗಡಗಿ ಹೊತ್ತ ಗಂಟಿಗೆ ಕುಂಡ ಏನ ಭಾರ?" ಅಂದಳು.

ನೂಲು ಬನಹಟ್ಟಿಯಿಂದ ಬಂತು. ಆಕೆಯ ತಂಗಿ ಅಲ್ಲಿ ಮಗ್ಗದ ಮನೆಯ ಸೊಸೆ. ಮಗ್ಗದಲ್ಲಿ ಉಳಿದ, ಗಂಜಿ ಹಾಕಿದ ನೂಲನ್ನು ಚೀಲದಲ್ಲಿ ತುಂಬಿ ಕಳಿಸಿದಳು. ಹುರಿ ಮಾಡಿ ಹೆಣೆದರೆ ಕಡ್ಡಿಯಂತೆ ನೆಟ್ಟಗೆ. ಗಂಟು ಒಂದೊಂದೂ ಜೋಳದ ಕಾಳಿನ ಹಾಗೆ. ಪಕ್ಕದಲ್ಲಿ ಕೂತು ನಾನೂ ಕಲಿಯುತ್ತಿದ್ದೆ. ಮೊದಲು ಹೆಣೆದದ್ದನ್ನು ಜಮಖಂಡಿಯ ಶಾಲೆಯಲ್ಲಿ ಕಲಿಸುವ ಒಬ್ಬ ಅಕ್ಕೋರ ಮನೆಗೆ ನಾನೇ ಒಯ್ದು ಕೊಟ್ಟೆ.

ಎಂಟು ದಿನ ಬಿಟ್ಟು ಹೋದಾಗ ಅಕ್ಕೋರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಕುಂಡ ಬಿದ್ದು ಒಡೆದಿತ್ತು. ಗಿಡಕ್ಕೆ ದಿನಾ ಹಾಕಿದ ನೀರಿಗೆ ಗಂಜಿ ತೊಳೆದುಹೋಗಿ, ಹುರಿ ಮೆತ್ತಗಾಗಿ, ಗಂಟು ಸಡಿಲಾಗಿತ್ತು. ಹಾಲಿನ ಗಡಿಗೆಗೆ ಯಾರೂ ಮೇಲಿಂದ ನೀರು ಹಾಕುವುದಿಲ್ಲ, ಹಾಗಾಗಿ ಕಾಕುವಿಗೆ ಅದು ಹೊಳೆದೇ ಇರಲಿಲ್ಲ.

"ಮುಳುಗಡಿ ಮಂದಿ ಕಡೆ ಏನೂ ತೊಗೋಬ್ಯಾಡ ಅಂತ ನಮ್ಮ ಮನ್ಯಾಗ ಮೊದಲ ಹೇಳಿದ್ರು" ಅಂದರು ಅಕ್ಕೋರು. "ಸರಕಾರದ್ದು ಪುಕ್ಕಟ ತಿಂದು ರೂಢಿ ಆಗೇತಿ ನಿಮಗ. ಕೆಲಸಾ ಎಲ್ಲಿ ನೆಟ್ಟಗ ಮಾಡ್ತೀರಿ?"

ಬಿಚ್ಚಿಹೋದ ಹುರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಕಾಕು ಅದನ್ನು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದಳು.

"ಗಂಜಿ ಹೋಗೇತಿ. ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ." ಆಮೇಲೆ, "ಆಕಿ ಏನಂದ್ಲು?" ಅಂದಳು.

ಹೇಳಿದೆ.

"ನೀ ಏನಂದಿ?"

"ಏನನ್ಲಿ ಕಾಕು? ತಪ್ಪು ನಮ್ಮದ ಇತ್ತಲ್ಲ, ಸುಮ್ಮ ಬಂದೆ."

"ನಮ್ಮದಲ್ಲಲೇ ಹುಚ್ಚಿ, ನಂದು! ನಾ ಹಾಕಿದ ಗಂಟಿಗೆ ಊರಿಗೆ ಊರ ಯಾಕ ಬೈಸ್ಕೋಬೇಕು?"

ಮರುದಿನ ಉಳಿದ ನೂಲನ್ನೆಲ್ಲ ಹಂಡೆಯಲ್ಲಿ ಕುದಿಸಿ, ಗಂಜಿ ಬಿಡುವ ತನಕ ತಿಕ್ಕಿ ತೊಳೆದಳು. ಒಣಗಿಸಿ, ಹುರಿ ಮಾಡಿ, ಹೆಣೆದು, ದನದ ಛಪ್ಪರದ ಬಿದಿರ ಗಳುವಿಗೆ ತೂಗುಹಾಕಿದಳು. ಅದರಲ್ಲಿ ರುಬ್ಬುವ ಒಳಕಲ್ಲಿನ ಗುಂಡು ಇಟ್ಟು ಮೂರು ದಿನ ಮುಂಜಾನೆ, ಸಂಜೆ ಮೇಲಿಂದ ನೀರು ಸುರಿದಳು. ದಾರಿಯಲ್ಲಿ ಹೋಗುವವರಿಗೆ ಮಜಾ.

"ಕಾಕು, ಗುಂಡಕಲ್ಲ ಚಿಗಿತೇನು?"

"ಚಿಗಿತಿಲ್ಲ, ಯಾರ ತಲಿ ಮ್ಯಾಲ ಬೀಳ್ಲಿ ಅಂತ ನೋಡಾಕತ್ತೈತಿ. ಬಾ, ಕೆಳಗ ನಿಂದ್ರು."

ಬೀಳಲಿಲ್ಲ. ನಾಲ್ಕನೆಯ ದಿನ ಕಲ್ಲನ್ನೂ ಹಸಿ ಹುರಿಯನ್ನೂ ಚೀಲಕ್ಕೆ ಹಾಕಿ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಚೀಲ ಎತ್ತಲು ಹೋದ ಕಂಡಕ್ಟರ್, "ಏನೈತೆಬೇ ಆಯಿ ಇದರಾಗ?" ಅಂದ. "ಒಬ್ಬಾಕಿಗೆ ಜವಾಬು" ಅಂದಳು.

ಅಕ್ಕೋರು ಬಾಗಿಲು ತೆಗೆದರು. ಕಾಕು ನಮಸ್ಕಾರ ಅಂದವಳೇ, ಬಾಗಿಲ ಮುಂದೆ ಮೊದಲು ಕುಂಡ ತೂಗಿದ್ದ ಅದೇ ಕೊಂಡಿಗೆ ಹೊಸದನ್ನು ತೂಗುಹಾಕಿ ಕಲ್ಲು ಇಟ್ಟಳು.

"ಒಂದ ಚರಿಗಿ ನೀರ ತರ್ರಿ."

ತಂದರು. ಸುರಿದಳು.

"ಜಗ್ಗರಿ ಈಗ. ಜೋರಾಗಿ. ಬೇಕಾದ್ರ ಜೋತ ಬೀಳ್ರಿ."

ಅಕ್ಕೋರು ಒಮ್ಮೆ ಜಗ್ಗಿದರು. ಒಂದು ಗಂಟೂ ಅಲುಗಲಿಲ್ಲ.

"ಮೊದಲಿನ ಗಂಟು ಬಿಚ್ಚಿದ್ದು ಖರೆ, ಅಕ್ಕೋರ. ಅದು ನಾ ಮಾಡಿದ ತಪ್ಪು. ನನ್ನ ಹೆಸರ ತೊಗೊಂಡು ಬೈರಿ, ಕೇಳ್ತೀನಿ. ಮುಳುಗಡಿ ಮಂದಿ ಅಂದ್ರ ಕೇಳೂದಿಲ್ಲ. ನಾವು ಪುಕ್ಕಟ ತಿಂದಿಲ್ಲ. ಊರ ಕೊಟ್ಟು ಬಂದೇವಿ."

ಅಕ್ಕೋರ ಮುಖ ಸಣ್ಣದಾಯಿತು. "ಒಳಗ ಬರ್ರಿ, ಚಾ ಮಾಡ್ತೀನಿ" ಅಂದರು.

"ಚಾ ಆಮ್ಯಾಲ. ಮೊದಲ ಕಲ್ಲ ತಗದು ಗಿಡಾ ಇಡ್ರಿ."

ಬೇರೆ ಕುಂಡದಲ್ಲಿ ನೆಟ್ಟಿದ್ದ ಗಿಡವನ್ನು ಅಕ್ಕೋರು ತಂದು ಇಟ್ಟ ಮೇಲೆ ಕಾಕು ಒಳಗೆ ಹೋಗಿ ಎರಡು ಕಪ್ಪು ಕುಡಿದಳು.

ಕಾಕು ಮೆತ್ತನೆಯ ಹೆಂಗಸು ಎಂದು ಬರೆಯಲಾರೆ. ಗಂಟು ತಪ್ಪಿದರೆ ಕೈ ಮೇಲೆ ಹೊಡೆಯುತ್ತಿದ್ದಳು. ನನ್ನ ಸೊಸೆಯ ಎದುರೇ ನನ್ನನ್ನು ಮಂಕು ಅಂದಿದ್ದಾಳೆ. ಕಡೆಗೆ ಕಣ್ಣು ಮಂಜಾದಾಗಲೂ ಬೆರಳಿನಿಂದ ಸವರಿಯೇ ನನ್ನ ತಪ್ಪು ಹಿಡಿಯುತ್ತಿದ್ದಳು. ಒಂದು ಮಳೆಗಾಲ ಜ್ವರ ಬಂದು ನಾಲ್ಕು ದಿನ ಮಲಗಿ ಸತ್ತಳು. ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಹೆಣೆಯಲು ಕೂತೆ. ಕೂರದಿದ್ದರೆ ಬೈಯುತ್ತಿದ್ದಳು.

ಮೊದಲೆಲ್ಲ ಯಾರಾದರೂ ಊರು ಕೇಳಿದರೆ "ಬೀಳಗಿ ಕಡೆ" ಅಂತ ತೇಲಿಸಿಬಿಡುತ್ತಿದ್ದೆ. ಹೋದ ವಾರ ಮುಧೋಳದ ಸಂತೆಯಲ್ಲಿ ಕೂತಿದ್ದೆ. ಕುಂಡದ ಹುರಿ ನೋಡುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು. ನಮ್ಮೂರ ಹೆಸರನ್ನೇ ಹೇಳಿದೆ, ಆಚೆ ಅಂಗಡಿಯವರಿಗೂ ಕೇಳುವಂತೆ.

"ಆ ಊರ ಮುಳುಗೇತಲ್ಲಬೇ ಆಯಿ?"

"ಊರ ಮುಳುಗೇತಿ. ನಾ ಇಲ್ಲೇ ಕುಂತೇನಿ" ಅಂದೆ. "ಜಗ್ಗಿ ನೋಡು."