ಬಂದದ, ಬಂದ್ ಅದ

ಕಾಕಾನ ಎರಡು ಬೆರಳು ಹೋದ ಮಧ್ಯಾಹ್ನ ನಾನು ಅಲ್ಲೇ ನಿಂತಿದ್ದೆ. ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ ಅವನು ನೇಕಾರ, ನಾನು ಆಫೀಸಿನವನು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ತನ್ನ ಮಗ್ಗದ ಗೇರಿನಲ್ಲಿ ಸಿಕ್ಕಿದ್ದ ನೂಲು ತೆಗೆಯಲು ಕಾಕಾ ಕೈ ಚಾಚಿದ. ಬಾಗಿಲ ಬಳಿ ಮೇನ್ ಸ್ವಿಚ್ಚಿನ ಹತ್ತಿರ ಇದ್ದ ನಾಗಣಸೂರಿನ ಫಿಟ್ಟರ್ ಏನೋ ಕೂಗಿದ. ಮಗ್ಗ ತಿರುಗಿತು.

ಏನು ಕೂಗಿದ?

‘ಕರೆಂಟ್ ಬಂದದ’ ಎಂದು ಎಚ್ಚರಿಸಿದೆ ಅನ್ನುತ್ತಾನೆ ಅವನು. ‘ಕರೆಂಟ್ ಬಂದ್ ಅದ’ ಎಂದು ಕೇಳಿಸಿತು, ಅದಕ್ಕೇ ಕೈ ಹಾಕಿದೆ ಅನ್ನುತ್ತಾನೆ ಕಾಕಾ. ನಮ್ಮ ಮಾತಿನಲ್ಲಿ ಬಂದಿದೆ ಅನ್ನುವುದಕ್ಕೂ ನಿಂತಿದೆ ಅನ್ನುವುದಕ್ಕೂ ನಡುವೆ ಇರುವುದು ಒಂದು ಉಸಿರು. ಆ ಉಸಿರು ನನಗೆ ಕೇಳಿಸಿತ್ತೇ? ಅಂದು ಡೈರಿಯಲ್ಲಿ ‘ಕೂಗಿದ’ ಎಂದಷ್ಟೇ ಬರೆದಿದ್ದೇನೆ. ಈಗ ನೆನೆದಾಗಲೆಲ್ಲ ಒಮ್ಮೆ ಹಾಗೆ, ಒಮ್ಮೆ ಹೀಗೆ ಕೇಳಿಸುತ್ತದೆ.

ಕೂಗುವ ಅಗತ್ಯವೇ ಇರಲಿಲ್ಲ. ಗೇರಿಗೆ ಕೈ ಹಾಕುವವನು ಮೊದಲು ತನ್ನ ಮಗ್ಗದ ಸ್ವಿಚ್ಚಿಗೆ ಕೆಂಪು ಬೀಗ ಜಡಿದು ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕಂಪನಿಯದೇ ನಿಯಮ, ಗೋಡೆಯ ಮೇಲೆ ಮರಾಠಿಯಲ್ಲಿ ದೊಡ್ಡದಾಗಿ ಬರೆಸಿದ್ದರು. ಬೀಗಗಳನ್ನೂ ತಂದಿದ್ದರು. ಅವುಗಳಲ್ಲಿ ನಾನು ನೋಡಿದ್ದು ಒಂದೇ, ಕ್ಯಾಂಟೀನಿನ ಸಕ್ಕರೆ ಕಪಾಟಿನ ಮೇಲೆ.

ವಿಚಾರಣೆಯಲ್ಲಿ ಮ್ಯಾನೇಜರರು ನನ್ನನ್ನು ಕೇಳಿದ್ದೂ ಒಂದೇ: “ಚಾಲೂ ಮ್ಹಣಾಲಾ ಕೀ ಬಂದ್?” ಚಾಲೂ ಅಂದನೋ, ಬಂದ್ ಅಂದನೋ? ಮರಾಠಿಯಲ್ಲಿ ಗೊಂದಲವೇ ಇಲ್ಲ. ನಾನು ‘ಬಂದ್’ ಎಂದರೆ ಫಿಟ್ಟರನ ಕೆಲಸ ಹೋಗುತ್ತದೆ, ‘ಚಾಲೂ’ ಎಂದರೆ ತಪ್ಪು ಕಾಕಾನದಾಗುತ್ತದೆ. ನಾಳೆ ಹೇಳುತ್ತೇನೆ ಎಂದು ಎದ್ದೆ. ಹೊರಗೆ ಫಿಟ್ಟರ್ ಕಾಯುತ್ತಿದ್ದ.

“ಅಣ್ಣಾ, ನಿನ್ನ ಕಿವಿ ಮ್ಯಾಲ ನನ್ನ ಹೊಟ್ಟಿ ಅದ.”

ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಮೈಂದರ್ಗಿಗೆ, ಕಾಕಾನ ಮನೆಗೆ ಹೋದೆ. ಕಾಕಾ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. “ಸಾಲಿ ಕಲತಾಂವ ನೀ. ನಿನಗೇನ ಕೇಳ್ತು, ಅಷ್ಟ ಹೇಳು.”

ಅಷ್ಟರಲ್ಲಿ ಅವನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಕರೆಂಟಿನದೇ ಏನೋ ಕೂಗಿದಳು. ಇಬ್ಬರೂ ತಲೆ ಎತ್ತಿ ಬಲ್ಬು ನೋಡಿದೆವು. ಉರಿಯುತ್ತಿರಲಿಲ್ಲ.

“ಏನಂದಿ? ಬಂದದೋ, ಬಂದ್ ಅದೋ?” ಎಂದ ಕಾಕಾ.

“ಬಟನ್ ಹಾಕಿ ನೋಡ್ರೆಲಾ, ಮ್ಯಾಲ ಏನ್ ನೋಡ್ತೀರಿ!”

ಕಾಕಾ ನಕ್ಕ. ಆದರೆ ಬಟನ್ನಿಗೆ ಕೈ ಚಾಚಲಿಲ್ಲ. ನಾನೂ ಚಾಚಲಿಲ್ಲ.

ಮರುದಿನ ಎರಡೂ ಮಾತನ್ನು ಮ್ಯಾನೇಜರರ ಮುಂದೆ ಒಂದಾದ ಮೇಲೊಂದು ಹೇಳಿ, ಯಾವುದು ಯಾವುದೆಂದು ಅವರನ್ನೇ ಕೇಳಿದೆ. ಅವರಿಗೂ ತಿಳಿಯಲಿಲ್ಲ. ಸ್ವಿಚ್ಚಿನ ಮೇಲೆ ಬೀಗ ಇರಲಿಲ್ಲ, ಅದನ್ನು ಮಾತ್ರ ಕಣ್ಣಾರೆ ಕಂಡೆ ಎಂದೆ. “ತೇ ನಂತರ್,” ಅಂದರು. ಅದು ಆಮೇಲೆ.

ಫಿಟ್ಟರನಿಗೆ ಸೋಮವಾರದಿಂದ ಬರಬೇಡ ಎಂದು ಅಷ್ಟರಲ್ಲಾಗಲೇ ಹೇಳಿಬಿಟ್ಟಿದ್ದರು. ಗೇಟಿನಲ್ಲಿ ನನ್ನನ್ನು ನಿಲ್ಲಿಸಿದ.

“ಏನ್ ಹೇಳಿದಿ?”

“ಬೀಗ ಇರಲಿಲ್ಲ ಅಂದ್ನಿ.”

“ಅದನ್ನ ಯಾರ ಕೇಳಿದ್ರು, ಅಣ್ಣಾ?”